ಲೇಜಿಮ್ ತಾಳಕ್ಕೆ ಓದು ಕಲಿತವರು

ನಮ್ಮ ತಮ್ಮನ ಮಗಳು ಈ ವರ್ಷ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದಳು. ಸೇರಿದ ಮೊದಲ ವಾರವೇ ಫೋನು ಮಾಡಿ, "ಅತ್ತಿ, ನಾಕನೇ ಇಯತ್ತೆ ಹುಡುಗ್ರಿಗೆ ಒಂದ್ ಸಾಲ ಓದಾಕ ಬರವಲ್ದು. ಏನ್ ಮಾಡ್ಲಿ?" ಎಂದು ಅಳುವ ದನಿಯಲ್ಲಿ ಕೇಳಿದಳು. ನಾನು ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬಂತು. "ನಾ ಸಾಯಾಕತ್ತೀನಿ, ನೀ ನಗತಿಯಲ್ಲ" ಎಂದು ಫೋನು ಇಟ್ಟಳು. ನಾನು ನಕ್ಕಿದ್ದು ಅವಳನ್ನು ನೋಡಿ ಅಲ್ಲ, ನನ್ನನ್ನೇ ನೆನೆಸಿಕೊಂಡು. ಅದನ್ನು ಫೋನಿನಲ್ಲಿ ಹೇಳುತ್ತ ಕೂತರೆ ಮುಗಿಯುವುದಿಲ್ಲ ಎಂದು ಬರೆಯಲು ಕೂತಿದ್ದೇನೆ. ಅವಳಂತೆ ಹೊಸದಾಗಿ ಖಡು, ಅಂದರೆ ಸೀಮೆಸುಣ್ಣ, ಹಿಡಿದವರು ಯಾರಿದ್ದರೂ ಓದಬಹುದು.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲೆಲ್ಲಿಗೆ ವರ್ಗವಾಯಿತು, ಬೀಳ್ಕೊಡುವ ದಿನ ಯಾರು ಯಾರು ಭಾಷಣ ಮಾಡಿದರು ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅವತ್ತು ಹೊದಿಸಿದ ಶಾಲು ಈಗ ನಮ್ಮ ಮನೆಯ ಹೊಲಿಗೆ ಯಂತ್ರವನ್ನು ಧೂಳಿನಿಂದ ಕಾಯುತ್ತಿದೆ, ಅದರ ಸೇವೆ ಅಷ್ಟಕ್ಕೆ ಸಾಕು. ನಾನು ಹೇಳಬೇಕೆಂದಿರುವುದು ಅಕ್ಷರ ಹೇಗೆ ಮಕ್ಕಳ ಬಾಯಿಗೆ ಬರುತ್ತದೆ, ಬಂದಂತೆ ಕಂಡರೂ ಹೇಗೆ ಬಂದಿರುವುದಿಲ್ಲ ಎಂಬುದನ್ನು.

ನಾನು ಗಡಿಯಾಚೆ, ಮರಾಠಿ ಸೀಮೆಯ ಡಫಳಾಪುರದವಳು. ಜತ್ತಿನಲ್ಲಿ ಮನೆ ಮಾಡಿಕೊಂಡು, ಉಟಗಿಯ ದಾರಿಯಲ್ಲಿರುವ ಒಂದು ಹಳ್ಳಿಯ ಕನ್ನಡ ಶಾಲೆಗೆ ಎಸ್‌ಟಿ ಬಸ್ಸಿನಲ್ಲಿ, ಬಸ್ಸು ತಪ್ಪಿದರೆ ಜೀಪಿನಲ್ಲಿ ಹೋಗಿಬರುತ್ತಿದ್ದೆ. ನಾಲ್ಕನೇ ಇಯತ್ತೆಯವರೆಗಿನ, ನಾಲ್ಕೇ ತರಗತಿಗಳ ಸಣ್ಣ ಶಾಲೆ. ಅಲ್ಲಿದ್ದವರು ಇಬ್ಬರೇ, ಮುಖ್ಯಾಧ್ಯಾಪಕರಾದ ಬಿರಾದಾರ ಗುರುಗಳು ಮತ್ತು ನಾನು. ಗುರುಗಳು ಒಂದು ಮತ್ತು ಎರಡನೇ ಇಯತ್ತೆ ನೋಡಿಕೊಳ್ಳುತ್ತಿದ್ದರು. ಮೂರು ನಾಲ್ಕು ನನ್ನ ಪಾಲು. ಗುರುಗಳು ಒಳ್ಳೆಯ ಮನುಷ್ಯ, ಆದರೆ ಶಾಲೆಯಲ್ಲಿ ಸದ್ದಾಗಬಾರದು, ಸದ್ದಾದರೆ ಅದು ಪಾಠದ ಸದ್ದೇ ಆಗಿರಬೇಕು ಎನ್ನುವವರು.

ಪಾಠದ ಸದ್ದಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ನಾನು ಒಂದು ಸಾಲು ಹೇಳುವುದು, ಮಕ್ಕಳೆಲ್ಲ ಒಂದೇ ದನಿಯಲ್ಲಿ ತಿರುಗಿ ಹೇಳುವುದು. ನನಗೂ ಚಿಕ್ಕವಳಿದ್ದಾಗ ಹಾಗೇ ಕಲಿಸಿದ್ದರು, ನನಗೆ ಕಲಿಸಿದವರಿಗೂ ಹಾಗೇ. ಬೆರಳು ಸಾಲಿನ ಮೇಲೆ, ಕಣ್ಣು ಕಿಟಕಿಯ ಮೇಲೆ, ದನಿ ಮಾಳಿಗೆಗೆ ಮುಟ್ಟುವಂತೆ. ಶಾಲೆಯ ಎದುರು ಪ್ರಯಾಣಿಕರಿಗೆ ಕಾಯುತ್ತ ನಿಲ್ಲುವ ಜೀಪಿನ ಡ್ರೈವರನಿಗೂ ನಮ್ಮ ಮೂರನೇ ಪಾಠ ಬಾಯಿಪಾಠವಾಗಿತ್ತು. ಒಮ್ಮೆ ನಾನು ಜೀಪು ಹತ್ತಿದಾಗ ಅವನು ಹಾರ್ನು ಹಾಕುತ್ತಲೇ ಎರಡು ಸಾಲು ಒಪ್ಪಿಸಿ, "ತಪ್ಪಿದ್ರ ಹೇಳ್ರಿ ಅಕ್ಕೋರ" ಎಂದಿದ್ದ. ಒಂದೂ ತಪ್ಪಿರಲಿಲ್ಲ.

ಈ ಹಾಡಿಕೆಯ ರಾಣಿ ಶಮಶಾದ. ನಾಲ್ಕನೇ ಇಯತ್ತೆಯ ಹುಡುಗಿ. ಅವರಪ್ಪ ಬಳೆ ಮಾರುವವನು. ಗುಡ್ಡಾಪುರದ ದಾನಮ್ಮನ ಗುಡಿಯ ಬಳಿ ಅಂಗಡಿ ಇಡುತ್ತಿದ್ದ, ಉಳಿದ ದಿನ ಸಂತೆಗಳನ್ನು ತಿರುಗುತ್ತಿದ್ದ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಮೂರೂ ಮಾತು ಶಮಶಾದಳಿಗೆ ನೀರು ಕುಡಿದಷ್ಟು ಸಲೀಸು. ಪಾಠ ಓದು ಎಂದರೆ ಎದ್ದು ನಿಂತು, ಜಡೆ ಹಿಂದೆ ಹಾಕಿ, ಎಲ್ಲಿಯೂ ಎಡವದೆ ಓದುತ್ತಿದ್ದಳು. ದಮ್ಮು ಹಿಡಿಯುವುದು, ಪೂರ್ಣವಿರಾಮದ ಹತ್ತಿರ ದನಿ ಇಳಿಸುವುದು ಎಲ್ಲ ಅಚ್ಚುಕಟ್ಟು. ಯಾರಾದರೂ ಮೇಲಿನವರು ಬಂದರೆ ನಾನು ಮೊದಲು ಎಬ್ಬಿಸುತ್ತಿದ್ದುದು ಅವಳನ್ನೇ.

ಹಾಗೆ ಒಂದು ದಿನ ತಾಲೂಕಿನಿಂದ ಸಾಹೇಬರು ತಪಾಸಣೆಗೆ ಬಂದರು. ಮರಾಠಿಯವರು, ಹಸನ್ಮುಖಿ, ಚಹಾದ ಕಪ್ಪು ಕೈಯಲ್ಲಿ ಹಿಡಿದೇ ವರ್ಗದೊಳಗೆ ಬಂದರು. ನಾಲ್ಕನೆಯವರ ಓದು ಕೇಳಬೇಕೆಂದರು. ಶಮಶಾದ ಎದ್ದಳು. ಸಾಹೇಬರು ಅವಳ ಪುಸ್ತಕ ತೆಗೆದುಕೊಂಡು ಒಂದೆರಡು ಹಾಳೆ ತಿರುವಿ, ಒಂದು ಪುಟ ತೆಗೆದು, ತಮ್ಮ ಎದುರಿಗೆ ನಿಂತ ಹುಡುಗಿಯ ಕೈಗೆ ಹಾಗೆಯೇ ಕೊಟ್ಟರು. ಅವಳು ಹಾಗೆಯೇ ಇಸಿದುಕೊಂಡಳು. ಪಾಠದ ಹೆಸರನ್ನು ಪಕ್ಕದ ಹುಡುಗಿ ಪಿಸುಗುಟ್ಟಿದಳು, ಶಮಶಾದ ಶುರು ಮಾಡಿದಳು. ಬೆರಳು ಎಡದಿಂದ ಬಲಕ್ಕೆ ನಡೆದೇ ನಡೆಯಿತು. ಪುಸ್ತಕ ಮಾತ್ರ ತಲೆಕೆಳಗಾಗಿತ್ತು.

ಆ ಪುಟದಲ್ಲಿ ಚಿತ್ರವೂ ಇರಲಿಲ್ಲ. ನಮ್ಮ ದುಂಡು ಅಕ್ಷರ ಗೊತ್ತಿಲ್ಲದವರಿಗೆ ಹೇಗೆ ಹಿಡಿದರೂ ಒಂದೇ. ಸಾಹೇಬರು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತ ತಲೆದೂಗಿದರು. ಪಾಠ ಮುಗಿದಾಗ, "ಛಾನ್! ಫಾರಚ್ ಛಾನ್!" ಎಂದು ಬೆನ್ನು ತಟ್ಟಿದರು. ಸಾಹೇಬರಿಗೆ ಕನ್ನಡ ಬರುವುದಿಲ್ಲ, ಹುಡುಗಿಗೆ ಓದು ಬರುವುದಿಲ್ಲ, ಇಬ್ಬರೂ ಕೂಡಿ ಒಂದು ಚಂದದ ಓದನ್ನು ಮುಗಿಸಿದ್ದರು. ನಾನು ಗೋಡೆಗೆ ಆತು ನಿಂತವಳು ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಸಾಹೇಬರು ಅದನ್ನು ವಿನಯವೆಂದು ತಿಳಿದರು.

ಅವರು ಹೋದ ಮೇಲೆ ಬಿರಾದಾರ ಗುರುಗಳಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, "ಸಾಹೇಬ್ರು ಖುಷಿ ಆಗ್ಯಾರ. ನೀವ್ ಇನ್ನ ಅದನ್ನ ಕೆದಕಬ್ಯಾಡ್ರಿ" ಎಂದರು.

ಕೆದಕಬೇಡಿ ಎಂದರೆ ಕೆದಕುವುದು ನನ್ನ ಹುಟ್ಟುಗುಣ. ಮರುದಿನ ಒಂದು ರಟ್ಟಿನ ತುಂಡಿನಲ್ಲಿ ಒಂದು ಶಬ್ದ ಕಾಣುವಷ್ಟು ಕಿಂಡಿ ಕೊರೆದೆ. ಅದನ್ನು ಪಾಠದ ನಡುವೆ ಎಲ್ಲೋ ಇಟ್ಟು, "ಇದೇನು?" ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮಕ್ಕಳು ಪಾಠದ ಮೊದಲ ಸಾಲಿನಿಂದ ಬಾಯೊಳಗೇ ಗುನುಗುತ್ತ ಬಂದು ಆ ಶಬ್ದ ಮುಟ್ಟಲು ನೋಡಿದರು. ಪಕ್ಕದ ಮನೆಗೆ ಹೋಗಬೇಕಾದರೂ ಊರ ಅಗಸಿ ಬಾಗಿಲಿನಿಂದಲೇ ಬರುತ್ತೇನೆ ಎನ್ನುವವರ ಹಾಗೆ. ಕೆಲವರು ದಾರಿ ತಪ್ಪಿದರು, ಕೆಲವರು ಮುಟ್ಟಿದರು. ಶಮಶಾದ ಎಲ್ಲರಿಗಿಂತ ಬೇಗ ಮುಟ್ಟಿದಳು. ಆದರೆ ಹಿಂದಿನ ವರ್ಷದ ಬೇರೊಂದು ಪುಸ್ತಕ ಕೈಗೆ ಕೊಟ್ಟಾಗ, ಎಲ್ಲರೂ ಒಂದೊಂದು ಅಕ್ಷರವನ್ನಾದರೂ ಗುರುತಿಸಿದರು, ಅವಳು ನೆಲ ನೋಡಿದಳು. ಅಷ್ಟು ಚುರುಕು ನೆನಪಿನ ಹುಡುಗಿಗೆ ಅಕ್ಷರದ ಅಗತ್ಯವೇ ಬಿದ್ದಿರಲಿಲ್ಲ.

ಅವತ್ತೇ ಸಂಜೆ ಅವಳ ಮನೆಗೆ ಹೋದೆ. ಅಂಗಳದಲ್ಲಿ ಅವಳ ದಾದಿ, ಅಂದರೆ ಅಪ್ಪನ ತಾಯಿ ಮಾಬೂಬಿ, ಬಳೆಗಳನ್ನು ಅಳತೆಗೆ ತಕ್ಕಂತೆ ಬೇರೆಮಾಡುತ್ತ ಕೂತಿದ್ದಳು. ಆ ಮನೆಯಲ್ಲಿ ಅವಳ ಮಾತೇ ಕೊನೆಯದು. ಮಗನೂ ಸೊಸೆಯೂ ಅವಳನ್ನು ಕೇಳದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

"ಬರ್ರಿ ಅಕ್ಕೋರ, ಕುಂದ್ರಿ. ನಮ್ಮ ಹುಡುಗಿ ಏನರೆ ದಾಂಧಲಿ ಮಾಡ್ಯಾಳೇನ್ರಿ?"

"ಇಲ್ರಿ ಅಮ್ಮಾ. ಭಾಳ ಶಾಣ್ಯಾ ಅದಾಳ. ಆದ್ರ..."

"ಆದ್ರ ಓದಾಕ ಬರೂದಿಲ್ಲ," ಎಂದು ಮಾಬೂಬಿಯೇ ಮುಗಿಸಿದಳು. ಅವಳು ಬಳೆಯಿಂದ ಕಣ್ಣೆತ್ತಲಿಲ್ಲ. "ನನಗ ಅಕ್ಷರ ಗೊತ್ತಿಲ್ರಿ. ಆದ್ರ ಕಣ್ಣ ಅದಾವಲ್ಲ. ರೊಟ್ಟಿ ತಟ್ಟಿಕೋತ ಓದತಾಳ, ಭಾಂಡಿ ತಿಕ್ಕೋತ ಓದತಾಳ, ಪುಸ್ತಕ ನೋಡಿದ್ರ ಗೂಟಕ್ಕ ನೇತಾಡತಿರತೈತಿ."

ನಾಲ್ಕನೆಯದು ಮುಗಿದರೆ ಐದಕ್ಕೆ ಉಟಗಿಯ ಶಾಲೆಗೆ ಹೋಗಬೇಕು. ಅದು ನನ್ನ ತಲೆಯಲ್ಲಿತ್ತು, ಅವಳ ತಲೆಯಲ್ಲಿಯೂ ಇತ್ತು. ಮಾಬೂಬಿ ಸೀದಾ ಹೇಳಿದಳು.

"ನೋಡ್ರಿ ಅಕ್ಕೋರ, ಹುಡುಗಿನ್ನ ಬಸ್ಸಿನ್ಯಾಗ ಕೂಡಿಸಿ ಪರಊರಿಗೆ ಕಳಿಸಿದ್ರ ಓಣಿ ಮಂದಿಗೆ ನಾ ಉತ್ತರ ಕೊಡಬೇಕು. ಖರೇನ ಓದತಾಳ ಅಂದ್ರ ಎದಿ ಉಬ್ಬಿಸಿ ಕೊಡತೀನಿ. ಸುಳ್ಳ ಓದಿಗೆ ಏನಂತ ಕೊಡ್ಲಿ? ಓದಾಕ ಬಂದ್ರ ಉಟಗಿ. ಇಲ್ಲಂದ್ರ ಮನ್ಯಾಗ ಬಳಿ ಪೋಣಿಸ್ಕೋತ ಇರ್ಲಿ."

"ಓದತಾಳೋ ಇಲ್ಲೋ ನಿಮಗ ಹ್ಯಾಂಗ ತಿಳಿಯೂದ್ರಿ?" ಎಂದೆ.

"ಆ ಪರೀಕ್ಷಾ ನಾ ತಗೋತೀನಿ, ನೀವ ಕಲಿಸ್ರಿ" ಎಂದಳು. ಒಳಗೆ ಬಾಗಿಲ ಸಂದಿಯಲ್ಲಿ ಶಮಶಾದ ನಿಂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಈ ಹುಡುಗಿಯನ್ನು ಉಟಗಿಯ ಬಸ್ಸು ಹತ್ತಿಸದಿದ್ದರೆ ನಾನು ಅಕ್ಕೋರೇ ಅಲ್ಲ ಎಂದು ಮನಸ್ಸಿನಲ್ಲೇ ಹಟ ತೊಟ್ಟೆ.

ಹಟ ತೊಡುವುದು ಸುಲಭ. ಕಲಿಸುವುದು ಹೇಗೆ? ಆ ದಿನಗಳಲ್ಲಿ ಜತ್ತಿನಲ್ಲಿ ನಮಗೊಂದು ತರಬೇತಿ ಆಗಿತ್ತು. ಅಕ್ಷರದ ಹೆಸರು ಕಲಿಸಬೇಡಿ, ಅದು ಮಾಡುವ ಸದ್ದು ಕಲಿಸಿ, ಸದ್ದಿಗೆ ಸದ್ದು ಕೂಡಿಸಿ ಶಬ್ದ ಮಾಡಿಸಿ ಎಂದು ಅಲ್ಲಿ ಹೇಳಿದ್ದರು. ಎಲ್ಲವೂ ಮರಾಠಿ ಅಕ್ಷರದಲ್ಲಿ. ಕನ್ನಡ ಶಾಲೆಯವರಾದ ನಾವು ಹಿಂದಿನ ಬೆಂಚಿನಲ್ಲಿ ಕೂತು ಶೇಂಗಾ ತಿಂದಿದ್ದೆವು. ಈಗ ಆ ತರಬೇತಿಯನ್ನು ನೆನಪಿನಿಂದ ಹೆಕ್ಕಿ ಹೆಕ್ಕಿ ತೆಗೆಯಬೇಕಾಯಿತು.

ಅ ಆ ಇ ಈ ಬಿಟ್ಟೆ. ರ, ಗ, ಸ, ದ, ಅ ಎಂಬ ಐದು ಅಕ್ಷರ ಹಿಡಿದೆ. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ಶಬ್ದ ಸಿಗುತ್ತದೆ. ಸರ, ರಸ, ಅರಸ, ಅಗಸ, ಗರಗಸ. ಮಕ್ಕಳಿಗೆ ಮೊದಲ ದಿನವೇ ಐದು ಅಕ್ಷರದಲ್ಲಿ ಒಂದು ಅರಸ ಸಿಕ್ಕಿದರೆ ಅವರ ಸಂಭ್ರಮ ನೋಡಬೇಕು. ಅಕ್ಷರ ಕೈಗೂ ತಿಳಿಯಲಿ ಎಂದು ಅಂಗಳದಲ್ಲಿ ಜೋಳದ ಕಾಳು ಸಾಲಾಗಿ ಇಟ್ಟು ದೊಡ್ಡ ದೊಡ್ಡ ಅಕ್ಷರ ಮಾಡಿಸಿದೆ. ಮಕ್ಕಳು ಕೂತು ತಾಳ್ಮೆಯಿಂದ ಜೋಡಿಸಿದರು. ತೋರಿಸಲು ಗುರುಗಳನ್ನು ಕರೆದುಕೊಂಡು ಬರುವಷ್ಟರಲ್ಲಿ ಪಕ್ಕದ ಮನೆಯ ಕೋಳಿಗಳು ಗ ಮತ್ತು ಸ ಎರಡನ್ನೂ ಪೂರ್ತಿ ಓದಿ ಮುಗಿಸಿದ್ದವು. ದ ಅರ್ಧ ಉಳಿದಿತ್ತು. "ನಿಮ್ಮ ಪದ್ಧತಿ ಕೋಳಿಗಂತೂ ಲಗೂನ ಹತ್ತೇತ್ರಿ" ಎಂದು ಗುರುಗಳು ಒಳಗೆ ಹೋದರು. ಆಮೇಲೆ ಹುಣಸೆ ಬೀಜಕ್ಕೆ ಬಂದೆ. ಹೊಸಬರೇ, ಸಾಮಗ್ರಿ ಮಾಡುವಾಗ ಊರಿನ ಕೋಳಿ ಕುರಿಗಳನ್ನೂ ವಿದ್ಯಾರ್ಥಿಗಳೆಂದೇ ಲೆಕ್ಕ ಹಿಡಿಯಿರಿ.

ಎರಡನೆಯ ಗಂಡಾಂತರ ಶಿವಪ್ಪನ ರೂಪದಲ್ಲಿ ಬಂತು. ಅವನದು ಊರಿನಲ್ಲಿ ಕಿರಾಣಿ ಅಂಗಡಿ, ಮಗ ನನ್ನ ವರ್ಗದಲ್ಲಿ. ಹಣೆತುಂಬ ವಿಭೂತಿ ಧರಿಸಿ, ಒಂದು ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ನಿಂತ.

"ಅಕ್ಕೋರ, ನನ್ನ ಮಗ ಮದ್ಲ ಕಾಗುಣಿತ ಪಟಪಟ ಅಂತ ಹೇಳತಿದ್ದ. ಈಗ ಒಂದ್ ಸಾಲ ಓದಾಕ ದಮ್ಮ ಹತ್ತಿದವರಂಗ ನಿಂತ ನಿಂತ ಓದತಾನ. ಬರತಿದ್ದದ್ದೂ ಹೋತಲ್ರಿ!"

"ಶಿವಪ್ಪಾರ, ಮದ್ಲ ಅಂವ ಓದತಿದ್ದಿಲ್ಲ, ಹಾಡತಿದ್ದ. ಈಗ ಓದಾಕತ್ಯಾನ. ಹೊಸದಾಗಿ ಸೈಕಲ್ ಕಲಿಯೋರು ಹ್ಯಾಂಗ ಹೋಗತಾರ?"

"ಬೀಳತಾರ್ರಿ."

"ಹಾಂ. ಬೀಳಾಕ ಬಿಡ್ರಿ."

ಅವನು ಒಪ್ಪಲಿಲ್ಲ, ಗೊಣಗುತ್ತ ಹೋದ. ಈ ಮಾತು ನೆನಪಿಡಿ. ಬಾಯಿಪಾಠದಿಂದ ಓದಿಗೆ ದಾಟುವಾಗ ಮಕ್ಕಳು ಕೆಲವು ದಿನ ಮೊದಲಿಗಿಂತ ಕೆಟ್ಟದಾಗಿ ಓದುತ್ತಾರೆ. ಆಗ ತಂದೆ ತಾಯಿ ಬರುತ್ತಾರೆ, ಮುಖ್ಯಾಧ್ಯಾಪಕರು ಹುಬ್ಬು ಗಂಟಿಕ್ಕುತ್ತಾರೆ, ನಿಮಗೇ ನಿಮ್ಮ ಮೇಲೆ ಅನುಮಾನ ಬರುತ್ತದೆ. ಅಲ್ಲಿ ಹೆದರಿ ಹಳೆಯ ಹಾಡಿಗೆ ಮರಳಿದರೆ ಕೆಲಸ ಕೆಟ್ಟಿತು. ನಾನೂ ಒಂದೆರಡು ಸಲ ಮರಳುವವಳೇ ಇದ್ದೆ, ಮಾಬೂಬಿಯ ನೆನಪಾಗಿ ತಡೆದುಕೊಂಡೆ.

ಒಂಟಿ ಅಕ್ಷರ, ಗುಣಿತಾಕ್ಷರ ಎಲ್ಲ ದಾಟಿ ಶಮಶಾದ ಬಂದು ನಿಂತಿದ್ದು ಒತ್ತಕ್ಷರದ ಮುಂದೆ. ಅಕ್ಕ ಎಂದು ಬರೆದರೆ ಅವಳು ಅಕ ಎನ್ನುತ್ತಿದ್ದಳು, ಇಲ್ಲವೇ ಅಕಕ. ತಪ್ಪು ಅವಳದಲ್ಲ. ಒತ್ತು ಕೂತಿರುವುದು ಕ ಅಕ್ಷರದ ಕೆಳಗೆ, ಬಾಯಿ ತಡೆಯುವುದು ಅದಕ್ಕಿಂತ ಮೊದಲೇ. ಕಣ್ಣಿಗೆ ಕಾಣುವುದು ಒಂದು ಕಡೆ, ಉಸಿರು ನಿಲ್ಲುವುದು ಇನ್ನೊಂದು ಕಡೆ. ನಾನು ಕರಿಹಲಗೆಯ ಮೇಲೆ ಬರೆದೆ, ಕೆಳಗೆ ಗೆರೆ ಎಳೆದೆ, ಬಣ್ಣದ ಖಡು ಬಳಸಿದೆ. ಹುಡುಗಿಯ ಕಣ್ಣಲ್ಲಿ ನೀರು, ನನ್ನ ಕೈಯಲ್ಲಿ ಬಣ್ಣ, ಅಷ್ಟೇ ಆದದ್ದು.

ಆ ಹೊತ್ತಿಗೆ ಗಣರಾಜ್ಯ ದಿನದ ಲೇಜಿಮ್ ತಾಲೀಮು ನಡೆದಿತ್ತು. ನಮ್ಮ ಕಡೆಯ ಶಾಲೆಗಳಲ್ಲಿ ಪುಸ್ತಕ ಇಲ್ಲದಿದ್ದರೂ ಲೇಜಿಮ್ ಇರುತ್ತದೆ. ಕೋಲಿಗೆ ಬಿಲ್ಲಿನಂತೆ ಕಟ್ಟಿದ ಸರಪಳಿ, ಅದರಲ್ಲಿ ಬಿಲ್ಲೆಗಳು. ಎಳೆದು ಬಿಟ್ಟರೆ ಛುನ್ ಎನ್ನುತ್ತದೆ. ಸಾಲಿನ ಮುಂದೆ ನಿಂತು ಆಡಿಸುವವಳು ಶಮಶಾದಳೇ. ಅಂಗಳದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ಮಟ್ಟಿನಲ್ಲಿ ಮಕ್ಕಳು ಸರಪಳಿ ಎಳೆದು ಒಂದು ಗಳಿಗೆ ಹಿಡಿದು, ಆಮೇಲೆ ಬಿಡಬೇಕಿತ್ತು. ಎಲ್ಲರೂ ಅಲ್ಲಿ ತಪ್ಪುತ್ತಿದ್ದರು. ಶಮಶಾದ ಮಾತ್ರ ಸರಿಯಾಗಿ ಹಿಡಿದು ಸರಿಯಾಗಿ ಬಿಡುತ್ತಿದ್ದಳು. ಛುನ್, ತಡೆ, ಛುನ್.

ನಾನು ಕಟ್ಟೆಯಿಂದ ಹಾರಿ ಎದ್ದೆ. ವಯಸ್ಸಿನ ಮರ್ಯಾದೆಯೂ ಉಳಿಯಲಿಲ್ಲ. "ಶಮಶಾದ, ಲೇಜಿಮ್ ತಗೊಂಡ ಒಳಗ ಬಾ!"

ಒಂದು ಅಕ್ಷರಕ್ಕೆ ಒಂದು ಛುನ್. ಗ ರ ಗ ಸ, ನಾಲ್ಕು ಸಲ. ಒತ್ತಕ್ಷರ ಬಂದರೆ ಅದಕ್ಕಿಂತ ಮೊದಲು ಸರಪಳಿ ಎಳೆದು ಹಿಡಿ, ಬಾಯಿಯನ್ನೂ ಹಿಡಿ, ಆಮೇಲೆ ಎರಡನ್ನೂ ಬಿಡು. ಕರಿಹಲಗೆಯ ಮೇಲೆ ಅಕ್ಕ ಎಂದು ಬರೆದೆ. ಅವಳು ಎಳೆದಳು, ಹಿಡಿದಳು, ಬಿಟ್ಟಳು. "ಅಕ್... ಕ. ಅಕ್ಕ." ಇನ್ನೊಂದು ಬರೆದೆ. "ಹಗ್ಗ." ಇನ್ನೊಂದು. "ಕಲ್ಲು." ಅವಳ ಮುಖ ಅರಳಿತು. ಖುಷಿಗೆ ನಾನೂ ಒಂದು ಲೇಜಿಮ್ ಎತ್ತಿಕೊಂಡು ಬಾರಿಸಿಬಿಟ್ಟೆ.

ಮರುದಿನದಿಂದ ನಮ್ಮ ವರ್ಗದಲ್ಲಿ ಓದು ಎಂದರೆ ಲೇಜಿಮ್. ಗಣರಾಜ್ಯ ದಿನ ಕಳೆದ ಮೇಲೂ ಅದು ನಿಲ್ಲದಿದ್ದಾಗ ಬಿರಾದಾರ ಗುರುಗಳು ಕಿವಿಗೆ ಕೈ ಇಟ್ಟುಕೊಂಡು ಓಡಿಬಂದರು.

"ಏನಿದು ಅಕ್ಕೋರ? ಇದು ಸಾಲಿನೋ, ಮದವಿ ಮನಿನೋ?"

"ಕನ್ನಡ ತಾಸ್ರಿ ಗುರುಗಳ."

"ಗಣರಾಜ್ಯ ದಿನ ಮುಗದ ಹೋತಲ್ರಿ!"

"ಒತ್ತಕ್ಷರ ಮುಗದಿಲ್ಲಲ್ರಿ."

ಅವರು ತಿರುಗಿ ಹೋಗಿ ತಮ್ಮ ಎರಡನೇ ಇಯತ್ತೆಯ ಕದ ಮುಚ್ಚಿಕೊಂಡರು. ಒಂದು ವಾರ ಕಳೆದ ಮೇಲೆ ಆ ಕದದ ಒಳಗಿನಿಂದ ಕೂಡ ಸಣ್ಣಗೆ ಛುನ್ ಛುನ್ ಕೇಳಿಸಿತು. ನಾನು ಕೇಳದವಳ ಹಾಗೆ ಇದ್ದೆ.

ಇನ್ನೊಂದು ಪೇಚು ಇತ್ತು. ಶಮಶಾದಳ ನೆನಪೇ ಅವಳ ವೈರಿ. ಯಾವುದೇ ಸಾಲನ್ನು ಎರಡು ಸಲ ಓದಿದರೆ ಮೂರನೆಯ ಸಲ ಕಣ್ಣು ಕಿಟಕಿಗೆ ಹೋಗುತ್ತಿತ್ತು. ಅವಳಿಗೆ ದಿನಾ ಹೊಸ ಬರಹ ಬೇಕು. ನಮ್ಮೂರಲ್ಲಿ ಹೊಸ ಕನ್ನಡ ಎಲ್ಲಿಂದ ತರುವುದು? ಬಸ್ಸಿನ ಫಲಕ ಮರಾಠಿ, ಅಂಗಡಿಯ ಹೆಸರು ಮರಾಠಿ, ಬಿಸ್ಕೀಟಿನ ಪುಡಿಕೆ ಇಂಗ್ಲಿಷು. ಕನ್ನಡದಲ್ಲಿ ಸಿಗುತ್ತಿದ್ದುದು ಲಗ್ನಪತ್ರಿಕೆಗಳು. ವಿಜಯಪುರದ ಕಡೆಯ ಬೀಗರು ಕನ್ನಡದಲ್ಲಿಯೇ ಅಚ್ಚು ಹಾಕಿಸುತ್ತಾರೆ. ಬಸ್ಸಿನಲ್ಲಿ, ಜೀಪಿನಲ್ಲಿ, ಶಿವಪ್ಪನ ಅಂಗಡಿಯಲ್ಲಿ ಕಂಡವರನ್ನೆಲ್ಲ "ಹಳೇ ಲಗ್ನಪತ್ರಿಕೆ ಇದ್ರ ಕೊಡ್ರಿ" ಎಂದು ಬೇಡತೊಡಗಿದೆ. ನಾಲ್ಕು ದಿನದಲ್ಲಿ ಊರಿನಲ್ಲಿ ಸುದ್ದಿ ಹಬ್ಬಿತು, ಅಕ್ಕೋರು ಸಂಬಂಧ ಕುದುರಿಸುವ ಕೆಲಸ ಹಿಡಿದಿದ್ದಾರೆ ಎಂದು. ಒಬ್ಬ ಹೆಣ್ಣುಮಗಳು ತನ್ನ ತಮ್ಮನ ಜಾತಕವನ್ನೇ ತಂದುಕೊಟ್ಟಳು. ಅದನ್ನೂ ಓದಿಸಿದೆ. ಶಮಶಾದ ನಕ್ಷತ್ರದ ಹೆಸರುಗಳನ್ನು ಸರಪಳಿ ಹಿಡಿದು ಹಿಡಿದು ಓದಿದಳು. ಲಗ್ನಪತ್ರಿಕೆಯಲ್ಲಿ ಒತ್ತಕ್ಷರಕ್ಕೆ ಬರವಿಲ್ಲ. ಬೇಸಿಗೆಯ ಹೊತ್ತಿಗೆ ಅವಳಿಗೆ ಲೇಜಿಮ್ ಬೇಕಾಗಲಿಲ್ಲ, ಖಾಲಿ ಕೈಯೇ ಗಾಳಿಯಲ್ಲಿ ಎಳೆದು ಬಿಡುತ್ತಿತ್ತು.

ಶಿವಪ್ಪನ ಮಗನೂ ಸೈಕಲ್ಲಿನ ಮೇಲಿಂದ ಬೀಳುವುದನ್ನು ನಿಲ್ಲಿಸಿದ. ಶಿವಪ್ಪ ಬಂದು ಏನೂ ಹೇಳಲಿಲ್ಲ. ಅಂಗಡಿಗೆ ಹೋದಾಗ ಬೆಲ್ಲದ ಒಂದು ಚೂರನ್ನು ನನ್ನ ಕೈಗಿಟ್ಟು, "ತಿನ್ರಿ, ಚಲೋ ಐತಿ" ಎಂದ. ಅದು ಅವನ ಕ್ಷಮಾಪಣೆ.

ಪರೀಕ್ಷೆಗಳೆಲ್ಲ ಮುಗಿದು ಸೂಟಿ ಬಿಡುವ ಮುಂಚೆ ಮಾಬೂಬಿಯಿಂದ ಕರೆ ಬಂತು. ಬರೆಯುವ ಪಾಟಿಯನ್ನೂ ಖಡುವನ್ನೂ ತರಬೇಕಂತೆ, ಪುಸ್ತಕ ಬೇಡವಂತೆ. ಎರಡನ್ನೂ ಹಿಡಿದು ಹೋದೆ. ಹಗಲು ಹೊತ್ತು, ಬೇವಿನ ನೆರಳು. ಮಾಬೂಬಿ ಚಾಪೆ ಹಾಸಿ ಕೂತಿದ್ದಳು. ಅವಳ ಮಗ ಸಂತೆಗೆ ಹೋಗದೆ ಅವತ್ತು ಮನೆಯಲ್ಲೇ ಇದ್ದ, ಸೊಸೆ ಬಾಗಿಲಲ್ಲಿ ನಿಂತಿದ್ದಳು. ಶಮಶಾದ ಶಾಲೆಯ ಬಟ್ಟೆ ಹಾಕಿಕೊಂಡು ಎರಡು ಜಡೆ ಹೆಣೆದುಕೊಂಡು ನಿಂತಿದ್ದಳು.

"ನೀ ಓಣಿ ತುದಿಗೆ ಹೋಗ್. ಕರದಾಗ ಬಾ" ಎಂದು ಅವಳನ್ನು ಕಳಿಸಿ ಮಾಬೂಬಿ ನನ್ನನ್ನು ಹತ್ತಿರ ಕರೆದಳು. "ಪುಸ್ತಕದಾಗಿಂದು ಆಕಿಗೆ ಬಾಯಾಗ ಐತಿ. ನೀವ ಬರದದ್ದೂ ಬಾಯಾಗ ಇರಬಹುದು. ನಾ ಹೇಳೂದು ಎಲ್ಲಿಯೂ ಇಲ್ಲ. ನಾ ಹೇಳತೀನಿ, ನೀವ ಬರೀರಿ, ಆಕಿ ಓದಲಿ. ತುಟಿ ಅಲಗಾಡಿಸಬಾರದ್ರಿ ಮತ್ತ."

ಅವಳು ನನ್ನ ಕಿವಿಯಲ್ಲಿ ಹೇಳಿದಳು. ಹೇಳಿದ್ದು ಕನ್ನಡವಲ್ಲ, ದಖನಿ. ನಾನು ದಿಗಿಲುಬಿದ್ದೆ. ಅವರ ಮನೆಮಾತನ್ನು ಕನ್ನಡ ಅಕ್ಷರದಲ್ಲಿ ನಾನು ಎಂದೂ ಬರೆದಿರಲಿಲ್ಲ, ಹುಡುಗಿ ಎಂದೂ ಓದಿರಲಿಲ್ಲ.

"ಅಮ್ಮಾ, ಇದು ಕನ್ನಡ ಅಲ್ಲಲ್ರಿ..."

"ಸದ್ದ ಬರೀತೀವಿ, ಸದ್ದ ಓದತೀವಿ ಅಂತ ದಿನಾ ಆಕಿ ಹೇಳತಾಳ. ಇದೂ ಸದ್ದ ಅಲ್ಲೇನ್ರಿ?" ಎಂದು ಮಾಬೂಬಿ ದನಿ ತಗ್ಗಿಸಿದಳು. "ಓದಿದ್ರ ಆಕಿಗೇ ತಿಳೀತೈತಿ. ಓದಾಕ ಬರಲಿಲ್ಲಂದ್ರ ಸುಮ್ಮನ ಒರಸಿಬಿಡ್ರಿ. ನಾ ಏನ್ ಹೇಳಿದ್ದೆ ಅನ್ನೂದು ಯಾರಿಗೂ ಬ್ಯಾಡ."

ನಾನು ಬರೆದೆ. ಮಾಬೂಬಿ ಓಣಿಯತ್ತ ಕೂಗಿ ಕರೆದಳು. ಶಮಶಾದ ಬಂದಳು, ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದುಕೊಂಡೆ.

ಮೊದಲ ಅಕ್ಷರಕ್ಕೇ ಅವಳ ಹುಬ್ಬು ಗಂಟಾಯಿತು. ಕನ್ನಡದ ಶಬ್ದ ಹುಡುಕುತ್ತಿದ್ದಳು, ಸಿಗುತ್ತಿರಲಿಲ್ಲ. "ಘ... ರ್... ಘರ್." ನಿಂತಳು. ನನ್ನ ಮುಖ ನೋಡಿದಳು. ನಾನು ಬೇವಿನ ಮರ ನೋಡಿದೆ. "ಘರ್ ಮೇ." ಮನೆಯಲ್ಲಿ, ಎಂದು ಅವಳಿಗೆ ಹೊಳೆಯಿತು. ಹೊಳೆದದ್ದೇ ಮುಖ ಬಾಡಿತು. ಮನೆಯಲ್ಲಿ ಇರು ಎಂದೇ ದಾದಿ ಬರೆಸಿದ್ದಾಳೆ ಎಂದುಕೊಂಡಳು. ಕಣ್ಣು ತುಂಬಿ ಬಂತು. ಉಳಿದದ್ದನ್ನು ಓದುವುದೇ ಬೇಡ ಎನ್ನುವಂತೆ ಪಾಟಿಯನ್ನು ಇಳಿಸಿದಳು.

ಓದು ಮಗಳೇ, ಮುಂದಿನದು ಓದು ಎಂದು ಒಳಗೇ ಕೂಗಿಕೊಂಡೆ. ಮಾಬೂಬಿ ಕಲ್ಲಿನಂತೆ ಕೂತಿದ್ದಳು.

ಶಮಶಾದ ಮೂಗು ಒರೆಸಿಕೊಂಡಳು. ಪಾಟಿಯನ್ನು ಮತ್ತೆ ಎತ್ತಿ, ಮೊಣಕಾಲಿಗೆ ಆನಿಸಿ ಕೂತಳು. ಕೈಗಳು ಖಾಲಿಯಾದವು. ಮುಂದಿನ ಶಬ್ದದಲ್ಲಿ ಒತ್ತಕ್ಷರವಿತ್ತು. ಅವಳ ಎರಡೂ ಕೈ ಗಾಳಿಯಲ್ಲಿ ಎಳೆದವು, ತಡೆದವು.

"ನಕ್..."

ತಡೆದೇ ಇದ್ದವು.

"...ಕೋ. ನಕ್ಕೋ."

ದಖನಿಯಲ್ಲಿ ಅದರರ್ಥ ಬೇಡ ಎಂದು. ಕೈಗಳು ಹಾಗೇ ನಿಂತವು. ಆಮೇಲೆ ಉಳಿದದ್ದು ಸರಸರನೆ ಬಂತು, ಎಲ್ಲಿಯೂ ಎಡವಲಿಲ್ಲ. "ಘರ್ ಮೇ ನಕ್ಕೋ ಬೈಟ್. ಉಟಗಿ ಕು ಜಾ."

ಮನೆಯಲ್ಲಿ ಕೂರಬೇಡ, ಉಟಗಿಗೆ ಹೋಗು.

ಅವಳಪ್ಪ ಬಾಯಿ ತೆರೆದು ತಾಯಿಯನ್ನು ನೋಡಿದ. ಸೊಸೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ಒರೆಸಿಕೊಳ್ಳಲೂ ಇಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಇಡೀ ನೌಕರಿಯಲ್ಲಿ ಅಂಥ ತಪಾಸಣೆಯನ್ನು ನಾನು ಬೇರೆ ಯಾರಿಂದಲೂ ಕಂಡಿಲ್ಲ.

"ಇನ್ನೊಮ್ಮೆ ಓದು" ಎಂದಳು ಮಾಬೂಬಿ. ಶಮಶಾದ ಓದಿದಳು. ಈ ಸಲ ಕಣ್ಣು ಅತ್ತಿತ್ತ ಹೋಗಲಿಲ್ಲ, ಬೆರಳು ಒಂದೊಂದು ಅಕ್ಷರದ ಮೇಲೂ ನಿಂತು ನಡೆಯಿತು.

"ಕೊಡಿಲ್ಲಿ. ನಾ ಅಂದದ್ದು ಬರದ್ರ ಹ್ಯಾಂಗ ಕಾಣತೈತಿ, ನೋಡ್ತೀನಿ" ಎಂದು ಮಾಬೂಬಿ ಕೈ ಚಾಚಿ ಪಾಟಿಯನ್ನು ಇಸಿದುಕೊಂಡಳು. ತೋಳಿನಷ್ಟು ದೂರ ಹಿಡಿದು, ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು.

ಶಮಶಾದ ಮೆಲ್ಲಗೆ ಹತ್ತಿರ ಬಂದು, ಅವಳ ಕೈಯಲ್ಲಿದ್ದ ಪಾಟಿಯನ್ನು ಹಿಡಿದು ತಿರುಗಿಸಿ ಕೊಟ್ಟಳು.

"ದಾದಿಮಾ, ತಲಿಕೆಳಗ ಹಿಡದಿ. ಹಿಂಗ ಹಿಡೀಬೇಕು."